ಮೇಜಿನ ಮೇಲಿಟ್ಟ ಉಪ್ಪು

ಮಾರ್ಚ್ ಕೊನೆಯ ಶನಿವಾರ ಸಂಜೆ ಐದೂವರೆಗೆ ವಿಶಾಖಪಟ್ಟಣದ ಭೀಮುನಿಪಟ್ಟಣ ರಸ್ತೆಯ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರು ತಂದವಳು ರಚನಾ, ವಯಸ್ಸು ಮೂವತ್ತೊಂದು, ವಿಜಯಪುರ ಜಿಲ್ಲೆಯ ಸಣ್ಣದೊಂದು ವೈನರಿಯ ಒಡತಿ. ಕಡಲತೀರದ ರೆಸಾರ್ಟಿನಲ್ಲಿ ನಡೆಯುತ್ತಿದ್ದ ವೈನ್ ಮತ್ತು ಆಹಾರ ಉತ್ಸವದಲ್ಲಿ ತನ್ನ ವೈನಿಗೆ ಯಾರೋ ಉಪ್ಪು ಬೆರೆಸಿದ್ದಾರೆ, ತೀರ್ಪುಗಾರರು ಬಾಯಿಗಿಟ್ಟ ಕೂಡಲೇ ಮುಖ ಸಿಂಡರಿಸಿದರು, ತನ್ನನ್ನು ಸ್ಪರ್ಧೆಯಿಂದ ಕೈಬಿಟ್ಟರು ಎಂಬುದು ದೂರಿನ ಸಾರಾಂಶ.

ಇನ್‌ಸ್ಪೆಕ್ಟರ್ ಹೈಮಾವತಿಯ ತಂದೆ ವಿಶಾಖಪಟ್ಟಣದವರು, ತಾಯಿ ಹೊಸಪೇಟೆಯವರು. ಅವಳ ಕನ್ನಡ ಬಾಯಿಗೆ ಬರುತ್ತಿದ್ದದ್ದು ತಾಯಿಯ ಎದುರಿನಲ್ಲಿ ಮಾತ್ರ. ಠಾಣೆಯ ಕುರ್ಚಿಯಲ್ಲಿ ಕೂತು ಕನ್ನಡ ಮಾತಾಡುವ ಪ್ರಸಂಗ ಇದೇ ಮೊದಲು.

"ಯಾರ ಮೇಲಾದರೂ ಅನುಮಾನ ಇದೆಯಾ?"

"ಪಕ್ಕದ ಸ್ಟಾಲಿನವಳು. ಮಂಗಳಾಗೌರಿ ಅಂತ. ಕಲ್ಲುಪ್ಪು ಇದ್ದಿದ್ದು ಅವಳ ಹತ್ರ ಮಾತ್ರ."

ಎಫ್‌ಐಆರ್ ದಾಖಲಾಯಿತು. ಪೊಲೀಸರಿಗೆ ಒಂದು ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ ಎಂದು ಹೆಡ್ ಕಾನ್‌ಸ್ಟೇಬಲ್ ಜಗದೀಶ್ ನಂಬಿದ್ದ. ಉಳಿದ ಅರ್ಧವೇ ತಲೆನೋವಿನದು ಎಂದು ಹೈಮಾವತಿಗೆ ಇಪ್ಪತ್ತು ವರ್ಷದ ಸರ್ವಿಸು ಕಲಿಸಿತ್ತು.

ಉತ್ಸವದ ಅಂಗಳದಲ್ಲಿ ಯಾವ ಗಡಿಬಿಡಿಯೂ ಇರಲಿಲ್ಲ. ಒಂದು ಮೂಲೆಯಲ್ಲಿ ಪಂಚನಾಮೆ ನಡೆಯುತ್ತಿದ್ದರೆ ಇನ್ನೊಂದು ಮೂಲೆಯಲ್ಲಿ ಜನ ಸೀಗಡಿ ಹುರಿಗೆ ಸಾಲು ನಿಂತಿದ್ದರು. ತೀರ್ಪುಗಾರರು ಲೋಟದ ವೈನನ್ನು ಬಾಯಲ್ಲಿ ತಿರುಗಿಸಿ ಪಕ್ಕದ ಬಕೆಟ್ಟಿಗೆ ಉಗಿಯುವುದನ್ನು ಜಗದೀಶ್ ಕಣ್ಣರಳಿಸಿ ನೋಡಿದ.

"ಉಗಿಯೋದಕ್ಕೆ ಇಷ್ಟು ದುಬಾರಿ ಸರಕು ಯಾಕೆ ಮೇಡಂ?" ಎಂದು ತೆಲುಗಿನಲ್ಲಿ ಕೇಳಿದ.

"ನುಂಗಿದರೆ ನಾಲ್ಕನೇ ಲೋಟಕ್ಕೆ ತೀರ್ಪೇ ತೇಲಿಹೋಗುತ್ತೆ. ನೀನು ಬರಿ."

ರಚನಾಳ ಮೇಜಿನ ಮೇಲೆ ಗಾಜಿನ ಹೂಜಿಯಿತ್ತು. ಬಾಟಲಿಯ ವೈನಿಗೆ ಗಾಳಿಯಾಡಲೆಂದು ಅದನ್ನು ಮೊದಲೇ ಹೂಜಿಗೆ ಸುರಿದಿಡುವುದು ಈ ವೃತ್ತಿಯವರ ರೂಢಿ. ಹೂಜಿಯ ತಳದಲ್ಲಿ ಕರಗದ ಉಪ್ಪಿನ ಹರಳುಗಳಿದ್ದವು. ಮೇಜಿನ ಅಂಚಿನಲ್ಲಿ, ಮಂಗಳಾಗೌರಿಯ ಸ್ಟಾಲಿನ ಕಡೆಗೆ, ಮುತ್ತುಗದೆಲೆಯ ಒಂದು ದೊನ್ನೆ. ಅದರಲ್ಲಿ ಚಿಟಿಕೆಯಷ್ಟು ಕಲ್ಲುಪ್ಪು. ಅಂಥದೇ ದೊನ್ನೆಗಳ ರಾಶಿ ಮಂಗಳಾಗೌರಿಯ ಸ್ಟಾಲಿನಲ್ಲಿತ್ತು. ಎಲ್ಲಕ್ಕೂ ಮೊಹರು ಹಾಕಿ ವಶಕ್ಕೆ ಪಡೆದರು.

ಮಂಗಳಾಗೌರಿ ಹಾವೇರಿ ಕಡೆಯವಳು. ಗಂಡ ಚಂದನ್ ನೌಕಾಪಡೆಯಲ್ಲಿದ್ದ, ಆಗ ಹಡಗಿನ ಮೇಲಿದ್ದ. ಅವಳು ಮಾಡಿದ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡವರು ನೌಕಾಪಡೆಯ ಮನೆಗಳಲ್ಲಿ ಬಹಳ ಮಂದಿ. ಬರುವ ತಿಂಗಳಿನಿಂದ ಅಲ್ಲಿಯ ಕ್ಯಾಂಟೀನಿನ ಅಡುಗೆ ಅವಳಿಗೇ ಎಂದು ಮಾತಾಗಿತ್ತು.

"ಅಕ್ಕಾರು ಬಂದು ಒಂದೀಟು ಉಪ್ಪು ಕೊಡ್ರಿ ಅಂದ್ರು. ದೊನ್ನ್ಯಾಗ ಹಾಕಿ ಅವರ ಮೇಜಿನ ಮ್ಯಾಲೆ ಇಟ್ಟು ಬಂದೆ. ಅಷ್ಟ ರೀ ನಂಗೊತ್ತಿರೋದು," ಎಂದಳು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದಳು. "ಮೇಡಮ್ಮಾರ, ಊಟದಾಗ ಏನರ ಬೆರಸ್ತಾಳ ಅಂತ ಕೇಸಾದ್ರ, ನಾಳಿಂದ ನನ್ನ ಕೈಯಡಗಿ ಯಾರು ಉಣ್ತಾರ್ರಿ?"

ಹೈಮಾವತಿ ಆ ಮಾತನ್ನೂ ಹೇಳಿಕೆಯಲ್ಲಿ ಬರೆಸಿಕೊಂಡಳು.

ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಠಾಣೆಯಲ್ಲಿ ಎದುರುಬದುರು ಕೂರಿಸಿದಳು.

"ನೀವು ಉಪ್ಪು ಕೇಳಿದಿರಾ?"

"ಇಲ್ಲ," ಎಂದಳು ರಚನಾ. "ಕೇಳಿದ್ದರೆ ನನ್ನ ಕೈಗೇ ಕೊಡ್ತಿದ್ದಳಲ್ವಾ ಮೇಡಂ? ಯಾರಾದರೂ ಮೇಜಿನ ಮೇಲೆ ಇಟ್ಟು ಹೋಗ್ತಾರಾ? ಸುರಿದಳು, ಯಾರೋ ಬಂದರು ಅಂತ ಹೆದರಿ ದೊನ್ನೆ ಅಲ್ಲೇ ಬಿಟ್ಟು ಓಡಿದಳು."

ಇಂಥ ಪ್ರಶ್ನೆಯನ್ನೂ ಒಬ್ಬರು ಕೇಳಬಹುದು ಎಂದು ಮಂಗಳಾಗೌರಿಗೆ ಹೊಳೆದೇ ಇರಲಿಲ್ಲ.

"ನಿಮ್ಮ ತಾಯಿ?" ಎಂದು ಹೈಮಾವತಿ ರಚನಾಳನ್ನು ಕೇಳಿದಳು.

"ನಾನು ಎರಡು ವರ್ಷದವಳಿದ್ದಾಗಲೇ ಹೋದರು. ಆಮೇಲೆ ಹಾಸ್ಟೆಲು. ಯಾಕೆ?"

"ಸುಮ್ಮನೆ."

ಹೊರಗೆ ಬಂದು ಜಗದೀಶನನ್ನು ಕರೆದಳು. "ನಿಮ್ಮ ಮನೇಲಿ ಯಾರಾದರೂ ಉಪ್ಪು ಕೇಳಿದರೆ ಹೇಗೆ ಕೊಡ್ತಾರೆ?"

"ಕೆಳಗಿಡ್ತಾರೆ ಮೇಡಂ. ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತೆ ಅಂತ. ಚಿಕ್ಕವನಿದ್ದಾಗ ಕೈಗೆ ಕೊಟ್ಟು ಅಮ್ಮನ ಹತ್ತಿರ ಏಟು ತಿಂದಿದ್ದೇನೆ," ಎಂದ ಜಗದೀಶ್, ಮತ್ತೆ ಅರ್ಧಕ್ಕೇ ನಿಂತ. "ಅಂದರೆ..."

"ಕದ್ದು ಬೆರೆಸೋಳು ಇಡೋದಿಲ್ಲ. ಕೇಳಿದವರಿಗೆ ಕೊಡೋಳು ಇಡ್ತಾಳೆ. ಹೇಳಿಕೊಡೋ ಅಮ್ಮ ಇಲ್ಲದೆ ಹಾಸ್ಟೆಲಿನಲ್ಲಿ ಬೆಳೆದ ರಚನಾಗೆ ಇದು ಗೊತ್ತಿಲ್ಲ. ಇದು ಕೋರ್ಟಿಗೆ ಸಾಕ್ಷ್ಯವಲ್ಲ ಜಗದೀಶ್. ನಾವು ತಪ್ಪು ಬಾಗಿಲು ಬಡಿಯುತ್ತಿದ್ದೇವೆ ಅಂತ ಮಾತ್ರ ಹೇಳುತ್ತೆ."

ಸರಿಯಾದ ಬಾಗಿಲು ಉತ್ಸವದ ಮ್ಯಾನೇಜರ್ ಸಾಯಿತೇಜನ ಕೋಣೆಯದಾಗಿತ್ತು. ಪ್ರತಿ ಸ್ಪರ್ಧಿಯೂ ಎರಡು ಬಾಟಲಿ ವೈನನ್ನು ಮೊದಲೇ ಅವನ ವಶಕ್ಕೆ ಒಪ್ಪಿಸಬೇಕೆಂಬುದು ಉತ್ಸವದ ನಿಯಮ. ಹೂಜಿ ಒಡೆದರೆ, ಚೆಲ್ಲಿದರೆ ಇರಲಿ ಎಂದು.

"ಹಾಗಾದರೆ ನಿನ್ನೆ ರಚನಾಳ ಬಾಟಲಿ ಯಾಕೆ ತೆಗೆಯಲಿಲ್ಲ?"

"ತೀರ್ಪುಗಾರರೇ ತೆಗೆಯೋಣ ಅಂದರು ಮೇಡಂ. ಈಕೆ ಬೇಡವೇ ಬೇಡ ಅಂದರು. ಅಳ್ತಿದ್ದರು. ಅವಮಾನ ಆಗಿದೆ, ನಾನು ಪೊಲೀಸಿಗೆ ಹೋಗ್ತೀನಿ ಅಂತ ಹೊರಟೇಬಿಟ್ಟರು."

ಗೆಲ್ಲಲು ಇನ್ನೊಂದು ಅವಕಾಶ ಕೈಯಲ್ಲಿದ್ದಾಗ ಅದನ್ನು ಒಲ್ಲೆ ಎಂದು ಠಾಣೆಗೆ ಓಡಿ ಬರುವವರು ಅಪರೂಪ. ಹೈಮಾವತಿ ಆ ಎರಡು ಬಾಟಲಿಗಳನ್ನು ಬೆಳಕಿಗೆ ಹಿಡಿದಳು. ಎರಡರ ಬಿರಡೆಯೂ ಕಂಠದಿಂದ ಮೇಲೆದ್ದಿತ್ತು. ಒಂದರ ಮೈಮೇಲೆ ವೈನು ಸೋರಿ ಒಣಗಿದ ಗೆರೆಯಿತ್ತು. ಪಂಚರ ಸಮಕ್ಷಮ ಒಂದನ್ನು ತೆರೆಸಿದಳು. ತೀರ್ಪುಗಾರರಲ್ಲೊಬ್ಬರು ಮೂಸಿ ನೋಡಿ ಲೋಟವನ್ನು ದೂರ ಸರಿಸಿದರು. ಉಪ್ಪಿನ ಸುಳಿವಿಲ್ಲ, ಆದರೆ ವೈನು ಬಿಸಿಲಿಗೆ ಬೆಂದು ಹುಳಿಯಾಗಿದೆ, ಇದನ್ನು ಯಾರೂ ಕುಡಿಯಲಾರರು ಎಂದರು. ಇನ್ನೊಂದು ಬಾಟಲಿ ಮೊಹರಿನೊಂದಿಗೆ ಪ್ರಯೋಗಾಲಯಕ್ಕೆ ಹೋಯಿತು. ಬಾಟಲಿಗಳಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ವಿಜಯವಾಡದ ಒಂದು ಸಾಗಣೆ ಗೋದಾಮಿನ ಚೀಟಿ ಅಂಟಿತ್ತು.

ಸೋಮವಾರ ಮಧ್ಯಾಹ್ನ ಹೈಮಾವತಿ ವಿಜಯವಾಡದಲ್ಲಿದ್ದಳು. ಅಲ್ಲಿಯ ಬಿಸಿಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾಯಿಗಳೂ ನೆರಳಿನಿಂದ ನೆರಳಿಗೆ ಓಡುತ್ತಿದ್ದವು. ಗೋದಾಮಿನ ಮೇಲ್ವಿಚಾರಕ ದುರ್ಗಾಪ್ರಸಾದ್, ಅರವತ್ತರ ಆಸುಪಾಸಿನ ಮನುಷ್ಯ, ತಗಡಿನ ಸೂರಿನ ಕೆಳಗೆ ಕೂತಿದ್ದ.

"ವಿಜಯಪುರದ ಸರಕು ಎಲ್ಲಿತ್ತು?"

"ನೀವು ನಿಂತಿರುವ ಜಾಗದಲ್ಲೇ ಅಮ್ಮಾ. ತಂಪು ಗಾಡಿ ಕೆಟ್ಟುಹೋಯಿತು. ಬೇರೆ ಗಾಡಿ ಬರುವ ತನಕ ಇಲ್ಲೇ ಇಳಿಸಿದ್ದೆವು."

"ಎಷ್ಟು ದಿನ?"

"ವಾರದ ಮೇಲಾಯಿತು."

"ವಾರಸುದಾರರು ಬಂದಿದ್ದರಾ?"

"ಆ ಹುಡುಗಿ ಬಂದಿದ್ದಳು. ನನ್ನೆದುರಿಗೇ ಒಂದು ಬಾಟಲಿ ತೆಗೆದು ಒಂದು ಗುಟುಕು ಕುಡಿದಳು. ನಾನು ಹಿಂದೆಯೂ ವೈನಿನವರನ್ನು ನೋಡಿದ್ದೇನೆ, ಅವರು ಉಗಿಯುತ್ತಾರೆ. ಇವಳು ಉಗಿಯಲಿಲ್ಲಮ್ಮಾ. ಕಣ್ಣು ಮುಚ್ಚಿ ನುಂಗಿದಳು. ಆಮೇಲೆ ಪೆಟ್ಟಿಗೆಯ ಮೇಲೆ ಕೂತೇಬಿಟ್ಟಳು. ಮಜ್ಜಿಗೆ ಕೊಟ್ಟೆ, ಅದನ್ನೂ ಮುಟ್ಟಲಿಲ್ಲ. ಗಾಡಿ ಕೆಟ್ಟಿದ್ದು ನಮ್ಮ ತಪ್ಪು, ದೂರು ಬರೆದುಕೊಡು ತಾಯಿ ಅಂದೆ. ಬೇಡ ಅಂದಳು."

ಹೇಳಿಕೆ ದಾಖಲಿಸಿಕೊಂಡು ಹೈಮಾವತಿ ಅಂದೇ ಹಿಂತಿರುಗಿದಳು. ಅಷ್ಟರಲ್ಲಿ ಪ್ರಯೋಗಾಲಯದಿಂದ ಮೌಖಿಕ ವರದಿ ಬಂದಿತ್ತು: ಹೂಜಿಯಲ್ಲಿದ್ದದ್ದೂ ಬಾಟಲಿಯಲ್ಲಿದ್ದದ್ದೂ ಒಂದೇ ಕೆಟ್ಟ ವೈನು, ಹೂಜಿಯಲ್ಲಿ ಮಾತ್ರ ಉಪ್ಪು. ಸುಳ್ಳು ದೂರು ಕೊಟ್ಟು ಇನ್ನೊಬ್ಬರನ್ನು ಅಪರಾಧದಲ್ಲಿ ಸಿಲುಕಿಸಿದ ಬಗ್ಗೆ ನ್ಯಾಯಾಲಯಕ್ಕೆ ವರದಿ ಸಲ್ಲಿಸಿ ವಾರಂಟ್ ಪಡೆದಳು. ಬುಧವಾರ ಮಧ್ಯಾಹ್ನ ವಿಶಾಖಪಟ್ಟಣದ ಹೊರವಲಯದ ದುವ್ವಾಡ ರೈಲು ನಿಲ್ದಾಣದಲ್ಲಿ, ಊರಿಗೆ ಹೊರಟಿದ್ದ ರಚನಾಳನ್ನು ಬಂಧಿಸಲಾಯಿತು. ಅವಳು ಓಡಲಿಲ್ಲ. ವಾರಂಟ್ ಓದಿ, ಬ್ಯಾಗನ್ನು ತಾನೇ ಎತ್ತಿಕೊಂಡು ಜೀಪಿಗೆ ಹತ್ತಿದಳು.

ಠಾಣೆಯಲ್ಲಿ ಹೈಮಾವತಿ ದುರ್ಗಾಪ್ರಸಾದನ ಹೇಳಿಕೆಯನ್ನು ಅವಳ ಮುಂದಿಟ್ಟಳು.

"ಅದು ಅಪ್ಪ ಮಾಡಿದ ಕೊನೇ ಪೀಪಾಯಿ ವೈನು," ಎಂದಳು ರಚನಾ. "ಈಶ್ವರಪ್ಪನಿಗೇನು ಗೊತ್ತು ವೈನು ಮಾಡೋದು, ಒಣದ್ರಾಕ್ಷಿ ಮಾರಿಕೊಂಡು ಇರಲಿ ಅಂತ ಊರೆಲ್ಲಾ ಅಪ್ಪನನ್ನು ನೋಡಿ ನಕ್ಕಿತ್ತು. ದೀಪಾವಳಿಗೆ ಹೋಗಿಬಿಟ್ಟರು. ಈ ಉತ್ಸವಕ್ಕೆ ಹೆಸರು ಕೊಟ್ಟಿದ್ದು ಅವರೇ. ನಾನು ಬರದೇ ಇದ್ದಿದ್ದರೆ ಹೆದರಿದರು ಅಂತಿದ್ದರು. ಬಂದು ಅದನ್ನೇ ಕೊಟ್ಟಿದ್ದರೆ, ಈಶ್ವರಪ್ಪನ ವೈನು ಬಾಯಿಗಿಡೋ ಹಾಗಿಲ್ಲ ಅಂತ ಉಗಿಯೋರು."

"ಗಾಡಿ ಕೆಟ್ಟಿತ್ತು ಅಂತ ಹೇಳಬಹುದಿತ್ತು."

"ಸೋತವರೆಲ್ಲಾ ಹೇಳೋದು ಅದನ್ನೇ ಮೇಡಂ. ಯಾರು ನಂಬ್ತಾರೆ? ಉಪ್ಪು ಬಿದ್ದಿದ್ದರೆ ಅಪ್ಪನ ಮೇಲೆ ಮಾತು ಬರಲ್ಲ ಅನ್ನಿಸ್ತು. ಅವಳ ಹತ್ರ ಕೇಳಿ, ನಾನೇ ಹಾಕಿದೆ. ಕೆಟ್ಟಿತ್ತು ಅನ್ನೋದಕ್ಕಿಂತ ಯಾರೋ ಕೆಡಿಸಿದರು ಅನ್ನೋದು ಮೇಲು."

"ಮಂಗಳಾಗೌರಿ ನಿಮಗೇನು ಮಾಡಿದ್ದಳು?"

"ಏನೂ ಇಲ್ಲ." ರಚನಾ ಮೊದಲ ಬಾರಿಗೆ ತಲೆತಗ್ಗಿಸಿದಳು. "ಯಾರ ಮೇಲೆ ಅನುಮಾನ ಅಂತ ನೀವು ಕೇಳಿದಿರಿ. ಒಂದು ಹೆಸರು ಬೇಕಿತ್ತು."

ಹೈಮಾವತಿಗೆ ಆ ಮಾತು ಚುಚ್ಚಿತು. ಆದರೂ ಇದ್ದದ್ದನ್ನು ಇದ್ದಂತೆ ಬರೆದುಕೊಂಡಳು.

ಸಂಜೆಯ ಹೊತ್ತಿಗೆ ಮಂಗಳಾಗೌರಿಯನ್ನು ಕರೆಸಿ ಅವಳ ಮೇಲಿನ ಆರೋಪ ಕೈಬಿಡಲಾಗಿದೆಯೆಂದು ತಿಳಿಸಿದರು. ಕ್ಯಾಂಟೀನಿನವರಿಗೆ ತಾನೇ ಪತ್ರ ಕೊಡುವುದಾಗಿ ಹೈಮಾವತಿ ಹೇಳಿದಳು. ರಚನಾ ಒಳಗಿನ ಬೆಂಚಿನ ಮೇಲೆ ಕೂತಿದ್ದಳು. ಬಾಗಿಲಲ್ಲಿ ನಿಂತು ಮಂಗಳಾಗೌರಿ ಅವಳನ್ನು ನೋಡಿದಳು. ಬೈಯುತ್ತಾಳೆ ಎಂದು ಜಗದೀಶ್ ಎದ್ದು ನಿಂತ.

"ಕೈಯಾಗ ಕೊಟ್ರ ನಮ್ಮಿಬ್ಬರ ನಡುವ ಜಗಳಾಗ್ತೈತಿ ಅಂತ ಮೇಜಿನ ಮ್ಯಾಲೆ ಇಟ್ಟಿದ್ದೆ, ಅಕ್ಕಾರ," ಎಂದಳು ಅವಳು. "ನಮ್ಮ ಕಡೇರು ಸಿಕ್ಕೀರಿ ಅಂತ ಖುಷಿಯಾಗಿತ್ರಿ ನಂಗ."

ರಚನಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಮಂಗಳಾಗೌರಿ ಹೇಳಿಕೆಗೆ ಸಹಿ ಹಾಕಿ, ಸ್ಟಾಲಿನಿಂದ ಠಾಣೆಗೆ ತಂದಿಟ್ಟಿದ್ದ ತನ್ನ ರೊಟ್ಟಿ ಹಂಚನ್ನು ಎತ್ತಿಕೊಂಡು ಬಸ್ಸಿನ ಹೊತ್ತಾಯಿತೆಂದು ಹೊರಟಳು.