ಏಳನೆಯ ಗೂಟ

ನಿನ್ನೆ ಸಂಜೆ ಸಿಕ್ಕಿದ್ದ ಟೊಳ್ಳು ಇಂದು ಬೆಳಿಗ್ಗೆ ಮಾಯವಾಗಿತ್ತು!

ಖಚಿತಪಡಿಸಿಕೊಳ್ಳಲು ಮತ್ತೆ ಅಳೆದ ನೀಲಮ ಪರದೆಯನ್ನು ಮೂರನೆಯ ಬಾರಿ ನೋಡಿದಳು. ಅಳತೆಯ ಗುರುತಿಗೆ ನೆಟ್ಟ ಅದೇ ಏಳನೆಯ ಗೂಟ, ಅದೇ ಯಂತ್ರ. ಅಂಕಿ ಮಾತ್ರ ಬೇರೆ. ಲೇಸರ್ ಬೆಳಕಿನಿಂದ ತಣಿಸಿದ ಪರಮಾಣುಗಳನ್ನು ಬೀಳಿಸಿ ಭೂಮಿಯ ಸೆಳೆತ ಅಳೆಯುವ ಕ್ವಾಂಟಮ್ ಯಂತ್ರ ಅದು. ನೆಲದಡಿ ಟೊಳ್ಳಿದ್ದರೆ ಸೆಳೆತ ಕೂದಲೆಳೆಯಷ್ಟು ಕಡಿಮೆ. ಪರೀಕ್ಷೆಗೆಂದು ಅದನ್ನು ಶಿರಗುಪ್ಪಿಗೆ ತಂದಿದ್ದಳು. ಊರಿನ ಅಜ್ಜಿ ಕೆಂಚವ್ವ ಕೈಹಿಡಿದು ತನ್ನ ಅಂಗಳಕ್ಕೇ ಎಳೆತಂದಿದ್ದಳು.

"ಇಲ್ಲೆ ನಮ್ಮತ್ತಿ ನೆಲದಾಗ ಜ್ವಾಳಾ ತುಂಬಿಡೂ ಹಗೇವು ಇತ್ತವಾ. ಎಲ್ಲೆ ಅನ್ನೂದ ಮರ್ತೇನಿ. ಅದರ ಮ್ಯಾಲೆ ಮನಿ ಕಟ್ಟಿದ್ರ ಮಮ್ಮಕ್ಕಳ ಗತಿ ಏನ?"

ಹತ್ತು ಗಂಟೆಗೆ ಹೊಸ ಮನೆಯ ಮೊದಲ ಕಂಬಕ್ಕೆ ಕಾಂಕ್ರೀಟು. ಉಳಿದದ್ದು ಒಂದೇ ಗಂಟೆ.

"ಮಷೀನ ಸುಳ್ಳ ಹೇಳತೈತ್ರಿ," ಎಂದ ಗುತ್ತಿಗೆದಾರ ದುಂಡೇಶ, ಬೂಟು ಕುಟ್ಟುತ್ತ.

"ಗೂಟ ಯಾರಾದರೂ ಮುಟ್ಟಿದಿರಾ?"

"ನಾ ಯಾಕ ಮುಟ್ಟಲಿ?"

ಕೂಲಿಯ ಮುರಗೆಪ್ಪ ತಲೆಯಾಡಿಸಿದ. "ಪೂಜಿ ಮಾಡಿದ್ದ ಐತ್ರಿ. ನನಗ ಅಂಜಿಕಿ." ಹುಟ್ಟಿದಾಗಿನಿಂದ ಚಪ್ಪಲಿ ಕಾಣದ ಕಾಲು ಅವನದು.

ಹೌದು, ಸಂಜೆ ಕೆಂಚವ್ವ ಅಂಗಳಕ್ಕೆಲ್ಲ ಸಗಣಿನೀರು ಹಾಕಿ, ಗೂಟಕ್ಕೆ ಅರಿಸಿನ ಹಚ್ಚಿ, ಬುಡದಲ್ಲಿ ಬೆಲ್ಲ ಇಟ್ಟಿದ್ದಳು. ನೀಲಮ ನಕ್ಕಿದ್ದಳು. ಈಗ ನಗು ಬರಲಿಲ್ಲ.

"ಅವ್ವಗ ವಯಸ್ಸಾಗೇತ್ರಿ," ಎಂದ ಮಗ ವಿರುಪಾಕ್ಷಪ್ಪ. "ಹಗೇವು ಇಲ್ಲ, ಏನಿಲ್ಲ. ಚಾಲೂ ಮಾಡೂಣ?"

ಕೆಂಚವ್ವನ ಮುಖ ಬಾಡಿತು.

ನೀಲಮ ಗೂಟದ ಬುಡಕ್ಕೆ ಬಗ್ಗಿದಳು. ಬೆಲ್ಲದ ಉಂಡೆ ಅಲ್ಲೇ ಇತ್ತು — ಒಂದೂ ಇರುವೆ ಇಲ್ಲ! ಎದ್ದು ಸುತ್ತ ನೋಡಿದಳು. ಎರಡು ಮಾರು ಆಚೆ, ಬರಿ ನೆಲದ ಮೇಲೆ, ಇರುವೆಗಳ ಸಂತೆ.

"ಯಂತ್ರ ಇಲ್ಲಿಗೆ ತನ್ನಿ!"

ಕಾಲು ಗಂಟೆ. ಅಂಕಿ ಇಳಿಯಿತು — ನಿನ್ನೆಯದೇ ಅಂಕಿ. ಮುರಗೆಪ್ಪ ಹಾರೆ ಹಾಕಿದ. ನಾಲ್ಕನೆಯ ಪೆಟ್ಟಿಗೆ ಹಾರೆ ಸರ್ರನೆ ಒಳಗಿಳಿಯಿತು.

"ಹಗೇವು!" ಕೆಂಚವ್ವ ಚಪ್ಪಾಳೆ ತಟ್ಟಿದಳು.

"ಗೂಟ, ಬೆಲ್ಲ ಎರಡನ್ನೂ ಯಾರೋ ಸರಿಸಿದ್ದಾರೆ," ಎಂದಳು ನೀಲಮ. "ಹಳೆಯ ಜಾಗದಲ್ಲಿ ಉಳಿದ ಬೆಲ್ಲದ ಪುಡಿ ಇರುವೆಗೆ ಗೊತ್ತು, ಸರಿಸಿದವರಿಗೆ ಗೊತ್ತಾಗಲಿಲ್ಲ. ಆದರೆ ಯಾರು? ನಿನ್ನೆ ಹಸಿಯಿದ್ದ ಸಗಣಿಯ ಮೇಲೆ ನೋಡಿ. ಅಥಣಿ ಚಪ್ಪಲಿಯ ಎರಡು ಅಚ್ಚು, ಜೋಡಿಸಿಟ್ಟ ಹಾಗೆ. ಅಲ್ಲಿಂದ ಮುಂದೆ ಬರಿಗಾಲು. ದುಂಡೇಶನಾಗಿದ್ದರೆ ಬೂಟಿನಲ್ಲೇ ಬರುತ್ತಿದ್ದ. ಮುರಗೆಪ್ಪನಿಗೆ ಬಿಡಲು ಚಪ್ಪಲಿಯೇ ಇಲ್ಲ. ಕೆಂಚವ್ವ ಪೂಜೆ ಮಾಡಿದ ಗೂಟವನ್ನು ಕೀಳುವಾಗಲೂ ಚಪ್ಪಲಿ ಬಿಟ್ಟವರು ಯಾರು — ವಿರುಪಾಕ್ಷಪ್ಪನವರೇ?"

ವಿರುಪಾಕ್ಷಪ್ಪ ತನ್ನ ಅಥಣಿ ಚಪ್ಪಲಿಯನ್ನೇ ನೋಡುತ್ತ ನಿಂತ.

"ಹಗೇವು ಖರೇನ ಐತಿ ಅಂತ ನನಗ ಗೊತ್ತಿದ್ದಿಲ್ರಿ. ಈ ಮುಹೂರ್ತ ತಪ್ಪಿದ್ರ ಮುಂದ ದೀಪಾವಳಿ. ಅವ್ವಗ ಎಂಬತ್ತ ದಾಟೇತಿ. ಒಂದ ದಿನಾ ಆದ್ರೂ ಆಕಿ ಹೊಸ ಮನ್ಯಾಗ..."

ಕೆಂಚವ್ವ ಮಗನ ತೋಳಿಗೊಂದು ಹುಸಿ ಪೆಟ್ಟು ಕೊಟ್ಟಳು.

"ದೀಪಾವಳಿಗೇ ಕಟ್ಟಲೇ, ಹುಚ್ಚಪ್ಪಾ. ಅಲ್ಲೀತನಾ ನಾ ಎಲ್ಲೆ ಹೊಂಟೇನಿ?"