ಎಂಬತ್ತಾರು ಹೌದುಗಳು

"ಇನ್ನೊಂದೇ ಶಾಲೆ ಬಾಕಿ. ಅದು ಯಾವುದು ಹೇಳು? ನಿನ್ನದೇ!"

ಅಮ್ಮ ಫೋನಿನ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನಂಬರ್ ಒತ್ತಿದಳು. ಮೇಜಿನ ತುದಿಯಲ್ಲಿ ಸ್ಟೂಲಿನ ಮೇಲೆ ಕೂತು ಲೆಕ್ಕ ಮಾಡುತ್ತಿದ್ದ ಕಡ್ಡಿಯ ಪೆನ್ಸಿಲ್ ನಿಂತಿತು.

ಕಡ್ಡಿ ಎಂದರೆ ಅಮ್ಮನ ಮಗಳು. ಐದನೇ ಕ್ಲಾಸು. ಊಟ ಮಾಡಿದರೂ ಮೈ ಹತ್ತುವುದಿಲ್ಲ, ಅದಕ್ಕೇ ಆ ಹೆಸರು. ಅವಳ ಶಾಲೆಯಲ್ಲಿ ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಅವಳದು ಬೆಳಗಿನದು. ಒಂದು ಗಂಟೆಗೆ ಶಾಲೆ ಬಿಟ್ಟರೆ ಐದರವರೆಗೂ ಅವಳ ಜಾಗ ಅಮ್ಮನ ಆಫೀಸಿನ ಈ ಸ್ಟೂಲು.

"ನಮಸ್ಕಾರ ಹೆಡ್ ಮೇಡಂ, ಶಿಕ್ಷಣ ಇಲಾಖೆಯಿಂದ ಮಾತಾಡ್ತಿದ್ದೀನಿ. ವಿಧಾನಸಭೆ ಪ್ರಶ್ನೆ ಬಂದಿದೆ. ನಿಮ್ಮಲ್ಲಿ ನೀರಿನ ಟ್ಯಾಂಕ್ ಕೂರಿಸಿದ್ದಾರಾ?... ಕೂರಿಸಿದ್ದಾರೆ. ಸರಿ, ಹೌದು ಅಂತ ಹಾಕ್ಕೊಳ್ತೀನಿ."

ಅಮ್ಮ ಉದ್ದನೆಯ ಹಾಳೆಯ ಕೊನೆಯ ಸಾಲಿನಲ್ಲಿ 'ಹೌದು' ಎಂದು ಬರೆದು ಬೆನ್ನು ನೆಟ್ಟಗೆ ಮಾಡಿದಳು. ಎಂಬತ್ತಾರು ಶಾಲೆ, ಎಂಬತ್ತಾರು ಹೌದು. ಮೂರು ದಿನ ಫೋನ್ ಮಾಡಿ ಮಾಡಿ ಅವಳ ಗಂಟಲು ಕಟ್ಟಿಹೋಗಿತ್ತು.

ಶಾಲೆಯ ಮಾಳಿಗೆಯ ಮೇಲೆ ಟ್ಯಾಂಕು ಇತ್ತು, ನಿಜ. ಹೋದ ವರ್ಷವೇ ಕ್ರೇನಿನಲ್ಲಿ ಎತ್ತಿ ಕೂರಿಸಿದ್ದರು. ಆದರೆ ಅದಕ್ಕೆ ಪೈಪೇ ಬಂದಿರಲಿಲ್ಲ. ಮುಂದಿನ ವಾರ ಬರುತ್ತೇವೆ ಎಂದು ಹೋದ ಕೆಲಸದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಹುಡುಗಿಯರ ಟಾಯ್ಲೆಟ್ಟಿಗೆ ಬೀಗ.

ಹಾಗಾಗಿ ಐದನೇ ಕ್ಲಾಸಿನ ಹುಡುಗಿಯರು ಶಾಲೆ ಬಿಡುವವರೆಗೂ ನೀರು ಕುಡಿಯುತ್ತಿರಲಿಲ್ಲ. ಹೀಗೆ ಮಾಡೋಣ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಹನ್ನೆರಡು ಗಂಟೆ ಹೊತ್ತಿಗೆ ಕಡ್ಡಿಗೆ ತಲೆ ಸಿಡಿಯತೊಡಗುತ್ತಿತ್ತು. ಕಣ್ಣಿನ ದೋಷವಿರಬೇಕು, ಕನ್ನಡಕ ಮಾಡಿಸಬೇಕು ಎಂದು ಅಮ್ಮ ಎರಡು ತಿಂಗಳಿಂದ ಹೇಳುತ್ತಿದ್ದಳು.

"ಅಮ್ಮಾ..."

"ತಡಿ ಚಿನ್ನ. ನಾಲ್ಕು ಗಂಟೆಗೆ ಸಾಹೇಬರ ಸಹಿ ಆಗ್ಬೇಕು."

ಚಹಾದ ಲೋಟ ಎತ್ತಿಕೊಳ್ಳಲು ಬಂದ ಅಟೆಂಡರ್ ಮಾಮ ಹಾಳೆಯನ್ನು ಬಗ್ಗಿ ನೋಡಿದರು. "ನೋಡಮ್ಮ ಕಡ್ಡಿ, ನಿಮ್ಮಮ್ಮ ಬರೆದದ್ದನ್ನ ನಾಳೆ ಮಂತ್ರಿಗಳು ಎದ್ದು ನಿಂತು ಓದ್ತಾರೆ. ನಾನು ಬರೆದದ್ದನ್ನ ಮೂವತ್ತು ವರ್ಷದಲ್ಲಿ ನನ್ನ ಹೆಂಡ್ತಿನೂ ಓದಿಲ್ಲ."

ಅಮ್ಮ ನಕ್ಕಳು. ಅವಳು ನಕ್ಕು ಎಷ್ಟೋ ದಿನವಾಗಿತ್ತು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡುವ ಫೈಲು ದೊಡ್ಡ ಸಾಹೇಬರ ಮೇಜಿನ ಮೇಲಿತ್ತು. "ಈ ಉತ್ತರ ಒಂದು ಚೆನ್ನಾಗಿ ಹೋಗ್ಲಿ, ಸಹಿ ಹಾಕ್ತೀನಿ," ಎಂದಿದ್ದರಂತೆ.

ಕಡ್ಡಿ ಮನೆಗೆ ಹೋದ ಮೇಲೆ ಹೇಳೋಣ ಎಂದುಕೊಂಡಳು. ರಾತ್ರಿ ಮನೆಯಲ್ಲಿ ಅಮ್ಮ ಗುನುಗುತ್ತ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಕಡ್ಡಿ ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೋಗಿ ಮಲಗಿದಳು.

*

"ಒಳಗೆ ಮಾತಾಡಬಾರದು. ಚಪ್ಪಾಳೆ ತಟ್ಟಬಾರದು. ಎದ್ದು ನಿಲ್ಲಬಾರದು. ಕೈಸನ್ನೆ ಮಾಡಬಾರದು," ಎಂದ ಮರುದಿನ ವಿಧಾನಸಭೆಯ ಬಾಗಿಲಲ್ಲಿದ್ದ ಕಾವಲುಗಾರ.

"ಉಸಿರಾಡಬಹುದಾ ಅಂಕಲ್?" ಎಂದಳು ರೇಡಿಯೋ. ಅವಳು ಕಡ್ಡಿಯ ಗೆಳತಿ, ಬೆಳಿಗ್ಗೆ ಆನ್ ಆದರೆ ರಾತ್ರಿಯೇ ಆಫ್.

"ಮೆಲ್ಲಗೆ," ಎಂದ ಕಾವಲುಗಾರ.

ಎಲ್ಲರೂ ಕಿಸಕ್ಕನೆ ನಕ್ಕರು. ಮಿಸ್ ದೊಡ್ಡ ಕಣ್ಣು ಬಿಟ್ಟರು. ಕಡ್ಡಿಗೆ ನಗು ಬರಲಿಲ್ಲ. ಶಾಲೆಯ ಈ ಪ್ರವಾಸ ತಿಂಗಳ ಹಿಂದೆಯೇ ನಿಗದಿಯಾಗಿತ್ತು. ಇವತ್ತೇ ಆ ಪ್ರಶ್ನೆ ಬರುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ನೋಡಲು ಬಂದವರಿಗೆ ಮೇಲೆ ಗ್ಯಾಲರಿ. ಕೆಳಗೆ ಅರ್ಧ ವೃತ್ತದಲ್ಲಿ ಶಾಸಕರ ಸಾಲು ಸಾಲು ಕುರ್ಚಿ. ಎತ್ತರದ ಪೀಠದಲ್ಲಿ ಸಭಾಧ್ಯಕ್ಷರು. ಮಂತ್ರಿಗಳ ಪಕ್ಕಕ್ಕೆ ಮರದ ಕಟಕಟೆಯೊಳಗೆ ಅಧಿಕಾರಿಗಳು. ಅಲ್ಲಿ ಬೋಳುತಲೆಯ ದೊಡ್ಡ ಸಾಹೇಬರ ಹಿಂದೆ ಅಮ್ಮ ಫೈಲನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಇಷ್ಟು ದೂರದಿಂದ ತುಂಬಾ ಸಣ್ಣಗೆ ಕಾಣುತ್ತಿದ್ದಳು.

ಸಭಾಧ್ಯಕ್ಷರು ಪ್ರಶ್ನೆಯ ನಂಬರ್ ಕರೆದರು. ಮಂತ್ರಿ ಎದ್ದರು.

"ಮಾನ್ಯ ಸಭಾಧ್ಯಕ್ಷರೇ, ನಗರದ ಎಂಬತ್ತಾರು ಶಾಲೆಗಳಿಗೂ ನೀರಿನ ಟ್ಯಾಂಕ್ ಒದಗಿಸಲಾಗಿದೆ. ಒಟ್ಟು ಒಂದೂವರೆ ಕೋಟಿ ಖರ್ಚಾಗಿದೆ. ಒಂದು ಶಾಲೆಯೂ ಬಿಟ್ಟುಹೋಗಿಲ್ಲ."

ಮೇಜು ಕುಟ್ಟುವ ಸದ್ದು. ಎದುರು ಸಾಲಿನಿಂದ ದಪ್ಪ ಕನ್ನಡಕದ ಶಾಸಕಿಯೊಬ್ಬರು ಎದ್ದರು. ಪ್ರಶ್ನೆ ಕೇಳಿದ್ದು ಅವರೇ.

"ಬಹಳ ಸಂತೋಷ. ನನ್ನದು ಇನ್ನೊಂದೇ ಪ್ರಶ್ನೆ. ಆ ಟ್ಯಾಂಕಿನೊಳಗೆ ನೀರಿದೆಯಾ?"

"ನೀರಿಲ್ಲದೆ ಹಾಲಿರತ್ತಾ?" ಎಂದು ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು.

ಶಾಸಕಿ ನಗಲಿಲ್ಲ. "ಅದನ್ನೇ ಕೇಳ್ತಿದ್ದೀನಿ. ಏನಿದೆ ಅಂತ ಮಂತ್ರಿಗಳು ಹೇಳ್ಲಿ."

ಮಂತ್ರಿ ಕಟಕಟೆಯ ಕಡೆ ತಿರುಗಿದರು. ದೊಡ್ಡ ಸಾಹೇಬರು ಹಿಂದೆ ಬಾಗಿ ಅಮ್ಮನಿಗೆ ಏನೋ ಹೇಳಿದರು. ಸಮವಸ್ತ್ರದವನೊಬ್ಬ ಚೀಟಿ ಒಯ್ಯಲು ಬಂದು ನಿಂತ. ಅಮ್ಮ ಒಂದು ಚೀಟಿಯ ಮೇಲೆ ಬರೆಯತೊಡಗಿದಳು. ಎಂಬತ್ತೇಳನೆಯ ಹೌದು.

ಬರೆದು ಮುಗಿಸಿ, ಏನೋ ನೆನಪಿಸಿಕೊಳ್ಳುವವಳಂತೆ ಅಮ್ಮ ತಲೆಯೆತ್ತಿದಳು. ಮಕ್ಕಳ ಸಾಲು ಕಂಡಿತು. ಅದರಲ್ಲಿ ಕಡ್ಡಿ ಕಂಡಳು. ಅಮ್ಮನ ಮುಖದಲ್ಲಿ ನಗು ಮೂಡಿತು.

ಕಡ್ಡಿ ನಗಲಿಲ್ಲ. ಸಾಲಿನ ಕೊನೆಯಲ್ಲಿ ಕಾವಲುಗಾರ ನಿಂತಿದ್ದ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡು, ತಲೆಯನ್ನು ಮಾತ್ರ ಮೆಲ್ಲಗೆ ಅಡ್ಡಡ್ಡ ಆಡಿಸಿದಳು. ಇಲ್ಲ. ಇನ್ನೊಂದು ಸಲ. ಇಲ್ಲ.

ಅಮ್ಮನ ನಗು ಹಾಗೇ ನಿಂತುಹೋಯಿತು.

ಚೀಟಿಗಾಗಿ ಸಾಹೇಬರು ಕೈ ಚಾಚಿದರು. ಅಮ್ಮ ಕೊಡಲಿಲ್ಲ. ಅದನ್ನು ಮುದ್ದೆ ಮಾಡಿ ಮುಷ್ಟಿಯೊಳಗೆ ಇಟ್ಟುಕೊಂಡಳು. ಬೇರೆ ಚೀಟಿ ತೆಗೆದು, ಬೇಗ ಬೇಗ ಎರಡು ಸಾಲು ಬರೆದು, ಸಾಹೇಬರು ನೋಡುವ ಮೊದಲೇ ಸಮವಸ್ತ್ರದವನ ಕೈಗೆ ಕೊಟ್ಟಳು.

ಮಂತ್ರಿ ಚೀಟಿ ಓದಿದರು. ಮತ್ತೊಮ್ಮೆ ಓದಿದರು. ಕೆಮ್ಮಿದರು.

"ಟ್ಯಾಂಕ್ ಇರುವ ಬಗ್ಗೆ ಮಾತ್ರ ಮಾಹಿತಿ ಪಡೆಯಲಾಗಿದೆ. ನೀರಿನ ಬಗ್ಗೆ... ಸದ್ಯಕ್ಕೆ ಮಾಹಿತಿ ಇಲ್ಲ."

ಸಭೆ ಗದ್ದಲದ ಗೂಡಾಯಿತು. "ಒಂದೂವರೆ ಕೋಟಿ ಖರ್ಚಾಗಿದೆ, ನೀರಿದೆಯೋ ಇಲ್ಲವೋ ಗೊತ್ತಿಲ್ಲ ಅಂತೀರಾ?" ಎಂದು ಶಾಸಕಿಯ ದನಿ ಎಲ್ಲರಿಗಿಂತ ಮೇಲೆ ಕೇಳಿಸಿತು. "ಕೂತ್ಕೊಳ್ಳಿ, ಎಲ್ಲರೂ ಕೂತ್ಕೊಳ್ಳಿ," ಎಂದು ಸಭಾಧ್ಯಕ್ಷರು ಕೂಗಿಯೇ ಕೂಗಿದರು. ಕೊನೆಗೆ, ಮೂರು ದಿನದೊಳಗೆ ಮಾಹಿತಿ ಕೊಡಿ ಎಂದರು.

ಕಡ್ಡಿ ಕಟಕಟೆಯನ್ನೇ ನೋಡುತ್ತಿದ್ದಳು. ದೊಡ್ಡ ಸಾಹೇಬರು ಅಮ್ಮನ ಕಡೆ ತಿರುಗಿ ಬೆರಳಾಡಿಸುತ್ತಿದ್ದರು. ಅಮ್ಮ ತಲೆ ತಗ್ಗಿಸಿದ್ದಳು.

"ಏ, ಅದು ನಿಮ್ಮಮ್ಮ ಅಲ್ವಾ? ಬೈತಿದ್ದಾರಾ ಅವ್ರಿಗೆ?" ಎಂದು ರೇಡಿಯೋ ಪಿಸುಗುಟ್ಟಿದಳು.

ಕಾವಲುಗಾರ ತುಟಿಯ ಮೇಲೆ ಬೆರಳಿಟ್ಟ.

*

ಆಫೀಸಿನಲ್ಲಿ ಅಮ್ಮನ ಕುರ್ಚಿ ಖಾಲಿಯಿತ್ತು.

"ಸಾಹೇಬರ ರೂಮಲ್ಲಿದ್ದಾಳೆ. ಮುಕ್ಕಾಲು ಗಂಟೆ ಆಯ್ತು," ಎಂದರು ಅಟೆಂಡರ್ ಮಾಮ. ತಮಾಷೆ ಮಾಡಲಿಲ್ಲ. ಒಂದು ಲೋಟ ನೀರು ತಂದುಕೊಟ್ಟರು. ಕಡ್ಡಿ ಒಂದೇ ಉಸಿರಿಗೆ ಕುಡಿದಳು. ಇನ್ನೊಂದು ಲೋಟ ತಂದರು. ಅದನ್ನೂ ಕುಡಿದಳು.

ಗೋಡೆಯಾಚೆ ದೊಡ್ಡ ದನಿಯೊಂದು ಏರಿ ಇಳಿಯುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ. ನಡುನಡುವೆ ಏನೂ ಕೇಳಿಸದಿದ್ದಾಗ, ಅದು ಅಮ್ಮ ಮಾತಾಡುವ ಹೊತ್ತು ಎಂದು ಕಡ್ಡಿ ತಿಳಿದುಕೊಂಡಳು. ಆ ಹೊತ್ತು ತುಂಬಾ ಚಿಕ್ಕದಾಗಿರುತ್ತಿತ್ತು.

ಬಾಗಿಲು ತೆರೆಯಿತು. ಅಮ್ಮ ಬಂದು ಕುರ್ಚಿಯಲ್ಲಿ ಕೂತಳು.

"ಕಾಯಂ ಫೈಲು?" ಎಂದರು ಮಾಮ.

"ಪಕ್ಕಕ್ಕೆ ಇಟ್ಟಿದ್ದಾರೆ ಅಣ್ಣಾ. ಆಮೇಲೆ ನೋಡೋಣ ಅಂದ್ರು."

ಕಡ್ಡಿಯ ಕಣ್ಣು ತುಂಬಿತು. ಅಮ್ಮ ಅವಳ ಕಡೆ ತಿರುಗಿದಳು. "ನಿಮ್ಮ ಟ್ಯಾಂಕಲ್ಲಿ ನೀರಿಲ್ವಾ?"

"ಪೈಪೇ ಹಾಕಿಲ್ಲ. ಟಾಯ್ಲೆಟ್ಟಿಗೆ ಬೀಗ."

"ನಿಮ್ಮ ಹೆಡ್ ಮೇಡಂ ಸುಳ್ಳು ಹೇಳಿದ್ರಾ ಹಾಗಾದ್ರೆ?"

"ಇಲ್ಲ ಅಮ್ಮ. ನೀನು ಟ್ಯಾಂಕ್ ಕೂರಿಸಿದ್ದಾರಾ ಅಂತ ಕೇಳ್ದೆ. ಕೂರಿಸಿದ್ದಾರೆ."

ಅಮ್ಮ ಎಂಬತ್ತಾರು ಹೌದುಗಳ ಹಾಳೆಯನ್ನು ನೋಡಿದಳು. ಸ್ಕೇಲ್ ಇಟ್ಟು ಅದರ ಗೆರೆಗಳನ್ನು ಎಳೆದವಳು ಅವಳೇ. ಬೇಗ ಮುಗಿಯಲಿ ಎಂದು ಒಂದೇ ಪ್ರಶ್ನೆ ಬರೆದವಳೂ ಅವಳೇ.

"ನನಗ್ಯಾಕೆ ಹೇಳ್ಲಿಲ್ಲ ನೀನು?"

ನಿನ್ನೆ ಯಾಕೆ ಹೇಳಲಿಲ್ಲ ಎಂಬುದು ಕಡ್ಡಿಗೆ ಗೊತ್ತಿತ್ತು. ಹೋದ ವರ್ಷವೆಲ್ಲ ಯಾಕೆ ಹೇಳಲಿಲ್ಲ ಎಂಬುದು ಅವಳಿಗೇ ಗೊತ್ತಿರಲಿಲ್ಲ.

"ದಿನಾ ಮಧ್ಯಾಹ್ನ ತಲೆನೋವು ಅಂತಿದ್ದೆಯಲ್ಲ..." ಎಂದು ಶುರು ಮಾಡಿದ ಅಮ್ಮ ಅರ್ಧಕ್ಕೇ ನಿಲ್ಲಿಸಿದಳು. ಮೇಜಿನ ಮೇಲೆ ಖಾಲಿ ಮಾಡಿಟ್ಟ ಎರಡು ಲೋಟಗಳನ್ನು ನೋಡಿದಳು. ಆಮೇಲೆ ಕಡ್ಡಿಯ ತಲೆಯನ್ನು ಎಳೆದು ತನ್ನ ಭುಜಕ್ಕೆ ಒತ್ತಿಕೊಂಡಳು. ಅಮ್ಮನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅಮ್ಮನಿಗೂ ಹೆದರಿಕೆಯಾಗಿದೆ ಎಂದು ಕಡ್ಡಿಗೆ ಆಗ ಗೊತ್ತಾಯಿತು.

"ಮೂರು ದಿನ ಇದೆ," ಎಂದು ಅಮ್ಮ ಹೊಸ ಹಾಳೆ ತೆಗೆದಳು. ಮೊದಲ ಶಾಲೆಗೆ ಫೋನ್ ಮಾಡಿ ಸ್ಪೀಕರ್ ಒತ್ತಿದಳು.

"ಎಲ್ಲ ಸರಿ ಇದೆ ಮೇಡಂ, ಏನೂ ತೊಂದರೆ ಇಲ್ಲ," ಎಂದರು ಆ ಶಾಲೆಯ ಹೆಡ್ ಮಾಸ್ಟರು, ಕೇಳುವ ಮುಂಚೆಯೇ.

"ಸಂತೋಷ ಸರ್. ಯಾವುದಾದ್ರೂ ಐದನೇ ಕ್ಲಾಸಿನ ಹುಡುಗಿ ಕೈಗೆ ಒಂದ್ನಿಮಿಷ ಫೋನ್ ಕೊಡ್ತೀರಾ?"

"ಹುಡುಗಿ ಕೈಗಾ? ಯಾಕೆ ಮೇಡಂ?"

"ಕೊಡಿ ಸರ್."

ಕುರ್ಚಿ ಸರಿದ ಸದ್ದು. ಯಾರನ್ನೋ ಕರೆದ ಸದ್ದು. ಫೋನು ಕೈ ಬದಲಾಯಿಸಿತು.

"ಪುಟ್ಟಾ, ನಿಮ್ಮ ಶಾಲೇಲಿ ನಲ್ಲಿ ತಿರುಗಿಸಿದ್ರೆ ನೀರು ಬರತ್ತಾ?"

ದೂರದಲ್ಲಿ ಮಕ್ಕಳು ಮಗ್ಗಿ ಒಪ್ಪಿಸುವುದು ಮಾತ್ರ ಕೇಳಿಸುತ್ತಿತ್ತು.

"ಹಲೋ? ಹಲೋ?... ಲೈನ್ ಕಟ್ಟಾಯ್ತು ಅನ್ಸತ್ತೆ." ಅಮ್ಮನ ಬೆರಳು ಗುಂಡಿಯ ಕಡೆ ಹೋಯಿತು.

ಕಡ್ಡಿ ಫೋನಿನ ಮೇಲೆ ಕೈ ಅಡ್ಡ ಇಟ್ಟಳು. "ಇದ್ದಾಳೆ ಅಮ್ಮ. ಸ್ವಲ್ಪ ತಡಿ. ಹೆಡ್ ಮಾಸ್ಟರು ಪಕ್ಕದಲ್ಲೇ ನಿಂತಿರ್ತಾರೆ."

ಅಮ್ಮ ಕಾದಳು. ಅಟೆಂಡರ್ ಮಾಮ ಲೋಟಗಳನ್ನು ಸದ್ದಾಗದಂತೆ ಎತ್ತಿಕೊಂಡು ಅಲ್ಲೇ ನಿಂತರು.

ಕಡ್ಡಿ ಸ್ಟೂಲಿನಿಂದ ಇಳಿದು ಫೋನಿನ ಹತ್ತಿರ ಬಾಯಿ ತಂದಳು.

"ನಮ್ಮ ಶಾಲೇಲೂ ಬರಲ್ಲ," ಎಂದಳು ಮೆಲ್ಲಗೆ.

ಆ ಕಡೆಯಿಂದ ಒಂದು ಉಸಿರು ಕೇಳಿಸಿತು. ಆಮೇಲೆ ಒಂದು ಸಣ್ಣ ದನಿ. "ಇಲ್ಲೂ ಬರಲ್ಲ."