ಗುಂಡಿ ಎಡಗಡೆಗಿದ್ದ ಅಂಗಿ

ಎರಡು ಮಹಡಿಗಳ ನಡುವೆ ಲಿಫ್ಟು ಗಕ್ಕನೆ ನಿಂತುಬಿಟ್ಟಿತ್ತು. ಒಳಗೆ ಅವಳೊಬ್ಬಳೇ. ಎದೆಗವಚಿಕೊಂಡ ಚೀಲದಲ್ಲಿ ತಾನೇ ಹೊಲಿದ ಒಂದು ಹೊಸ ಅಂಗಿ.

ಕೊನೆಗೂ ಬಾಗಿಲು ಕಿರುಗುಟ್ಟಿ ತುಸು ತೆರೆಯಿತು. ಮೇಲಿನಿಂದ ಗ್ರೀಸು ಮೆತ್ತಿದ ಕೈಯೊಂದು ಕೆಳಗಿಳಿಯಿತು. ಅದರ ಹಿಂದೆ ಒಂದು ಮುಖ.

“ಹೆದರಬೇಡಿ ಮೇಡಂ, ಕೈ ಕೊಡಿ.”

ಅವಳು ಕೈ ಕೊಡಲಿಲ್ಲ, ಕಣ್ಣು ಮಿಟುಕಿಸದೆ ನೋಡಿದಳು. ಆ ಹುಬ್ಬು, ಆ ನಗು... ತಿಂಗಳುಗಟ್ಟಲೆ ಮೊಬೈಲಿನಲ್ಲಿ ನೋಡಿ ನೋಡಿ ಮನಸ್ಸಿಗಿಳಿದ ಮುಖ. ಅವಳ ಕ್ಯಾಪ್ಟನ್! ನಡುಸಮುದ್ರದ ಹಡಗಿನಲ್ಲಿ ಇರಬೇಕಾದವನು ಇಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದ.

“ಹಡಗಿನಿಂದ ಯಾವಾಗ ಇಳಿದ್ರಿ?”

“ಯಾವ ಹಡಗು?” ಮೆಕ್ಯಾನಿಕ್ ಪಕ್ಕದಲ್ಲಿದ್ದ ವಾಚ್‌ಮನ್ ಕಡೆ ತಿರುಗಿದ. “ಒಳಗೆ ಸೆಕೆಗೆ ತಲೆ ಸುತ್ತಿರಬೇಕು. ಸ್ವಲ್ಪ ನೀರು ತನ್ನಿ.”

ಹೇಗೋ ಮೇಲೆ ಹತ್ತಿದವಳೇ ಚೀಲವನ್ನು ಅವನ ಎದೆಗೆ ಎಸೆದಳು. “ಬಂದರಿನ ವಿಳಾಸಕ್ಕೆ ಕೊರಿಯರ್ ಮಾಡೋಕೆ ಹೊರಟಿದ್ದೆ. ಖರ್ಚು ಉಳೀತು. ಇಟ್ಕೊಳ್ಳಿ.”

ನೀರು ತಂದ ವಾಚ್‌ಮನ್ ಯಾರಿಗೆ ಕೊಡಬೇಕೆಂದು ತಿಳಿಯದೆ ತಾನೇ ಕುಡಿದ.

ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅವಳ ಹೊಲಿಗೆ ಅಂಗಡಿ. ಗಿರಾಕಿಗಳೆಲ್ಲ ಬರುತ್ತಿದ್ದದ್ದು ಅಂಗಡಿಯ ಹೆಸರಿನ ಸೋಷಿಯಲ್ ಮೀಡಿಯಾ ಖಾತೆಯಿಂದ. ಕ್ಯಾಪ್ಟನ್ ಸಿಕ್ಕಿದ್ದೂ ಅಲ್ಲೇ. ಅಂಗಡಿ ತೆರೆಯಲು ಅಣ್ಣ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಏನಾದರೂ ಮಾತು ಬಂದರೆ ಅಂಗಡಿಗೆ ಬೀಗ, ಅವಳು ಮನೆಯಲ್ಲಿ.

ಒಳಗೆ ಬಂದು ಕ್ಯಾಪ್ಟನ್‌ಗೆ ಬರೆದಳು. “ನಿಮ್ಮ ಬಣ್ಣ ಬಯಲಾಯ್ತು.”

ಉತ್ತರ ಬಂತು. ಎಂದಿನ ಜೇನು ಅದರಲ್ಲಿ ಇರಲಿಲ್ಲ.

“ಹೋದ ವಾರ ನೀನು ಹೇಳಿದ ಕೋಡ್ ನಿನ್ನದೇ ಅಂಗಡಿ ಖಾತೆಯದ್ದು. ನಾನೀಗ ನಿನ್ನ ಖಾತೆಯೊಳಗೇ ಇದ್ದೀನಿ. ನಂಬರ್ ಬದಲಿಸೋಕೆ ನಿನ್ನ ಫೋನಿಗೆ ಇನ್ನೊಂದು ಕೋಡ್ ಬರುತ್ತೆ. ನಾಳೆ ಸಂಜೆಯೊಳಗೆ ಕೊಡು. ಇಲ್ಲದಿದ್ರೆ ನೀನು ನನಗೆ ಬರೆದ ಪ್ರೀತಿಯ ಮಾತೆಲ್ಲ ನಿನ್ನ ಗಿರಾಕಿಗಳಿಗೂ ಅಣ್ಣನಿಗೂ ಹೋಗುತ್ತೆ.”

ಅವಳು ಮತ್ತೊಮ್ಮೆ ಓದಿದಳು. ಹೌದು, ಹೇಳಿದ್ದಳು. ‘ನನ್ನ ಫೋನ್ ನೀರಿಗೆ ಬಿತ್ತು, ನನ್ನ ಖಾತೆಗೆ ನಿನ್ನ ನಂಬರ್ ಕೊಟ್ಟಿದ್ದೀನಿ, ಬಂದ ಕೋಡ್ ಹೇಳು ಚಿನ್ನ’ ಎಂದು ಅವನು ಅಂದಾಗ ಹಿಂದೆಮುಂದೆ ನೋಡದೆ ಹೇಳಿದ್ದಳು. ‘ಚಿನ್ನ’ ಅಂದರೆ ಸಾಕು, ಕರಗುತ್ತಿದ್ದಳು ಪಾಪ.

ಕೊಟ್ಟರೆ ಖಾತೆ, ಅದರ ಜೊತೆ ಅಂಗಡಿ ಹೋಗುತ್ತದೆ. ಕೊಡದಿದ್ದರೆ ಮಾನ ಹೋಗುತ್ತದೆ, ಹಿಂದೆಯೇ ಅಂಗಡಿಯೂ ಹೋಗುತ್ತದೆ. ಎತ್ತ ತಿರುಗಿದರೂ ಗೋಡೆ. ಮನೆಯಲ್ಲಿ ಊಟಕ್ಕೆ ಕೂತು ಕಲಸಿದ ಅನ್ನವನ್ನೇ ಕಲಸುತ್ತಿದ್ದಳು. ಅತ್ತಿಗೆ “ಯಾಕೆ ಪುಟ್ಟಿ, ಮೈಗೆ ಹುಷಾರಿಲ್ವಾ?” ಅಂದರೆ “ತಲೆನೋವು” ಅಂದಳು. ಬೆದರಿಸಿದವನು ತನ್ನ ಅಂಗಡಿಯ ಕಟ್ಟಡದಲ್ಲೇ, ಗೋಡೆಯಾಚೆ ಸ್ಪ್ಯಾನರ್ ತಿರುಗಿಸುತ್ತಿದ್ದಾನಲ್ಲ ಎಂಬುದೇ ಅವಳ ಸಂಕಟ.

ಮರುದಿನ ಅಂಗಡಿಯ ಬಾಗಿಲಲ್ಲಿ ಅವನೇ ನಿಂತಿದ್ದ.

“ಸಂಜೆವರೆಗೂ ತಡೆಯೋಕಾಗ್ಲಿಲ್ವಾ? ಕೋಡ್ ಬೇಕಾ?”

“ಕೋಡಾ? ಇಲ್ಲಮ್ಮ, ಅಂಗಿ ವಾಪಸ್ ಕೊಡೋಣ ಅಂತ ಬಂದೆ.” ಅವನು ಸಂಕೋಚದಿಂದ ಅದನ್ನು ಬಿಡಿಸಿದ. “ಒಂದ್ಸಲ ಹಾಕಿ ನೋಡಿದೆ, ತಪ್ಪು ತಿಳೀಬೇಡಿ. ಮೈಗೆ ಹೇಳಿ ಮಾಡಿಸಿದ ಹಾಗಿದೆ. ಆದ್ರೆ ಗುಂಡಿ ಎಡಗಡೆ ಇದೆ. ಹೆಂಗಸರ ಅಂಗಿ ತರ.”

“ನಿಮ್ಮ ಫೋಟೋದಲ್ಲಿ ಎಲ್ಲ ಅಂಗಿಗೂ ಹಾಗೇ ಇದೆ. ಎಡಗೈಯವರು, ಹಾಗೆ ಹೊಲಿಸ್ಕೋತೀರಿ ಅಂದ್ಕೊಂಡೆ.”

ಬೇರೆ ಯಾರಾದರೂ ಆಗಿದ್ದರೆ ಗುಂಡಿ ನೋಡುತ್ತಿರಲಿಲ್ಲ. ಇವಳು ನೋಡಿದಳು, ಆದರೆ ಅನುಮಾನ ಪಡುವುದು ಬಿಟ್ಟು ಹಾಗೇ ಹೊಲಿದುಬಿಟ್ಟಳು. ಪ್ರೀತಿ ಕಸುಬನ್ನೂ ಮಂಕು ಮಾಡುತ್ತದೆ ನೋಡಿ.

“ನಾನು ಬಲಗೈಯವನೇ ಕಣ್ರೀ.”

ಆಗಲೇ ಅವಳ ಮೊಬೈಲ್ ಸದ್ದು ಮಾಡಿತು. ‘ಸಂಜೆ ನೆನಪಿದೆಯಲ್ಲ?’ ಕ್ಯಾಪ್ಟನ್! ಎದುರಿಗಿದ್ದವನ ಎರಡೂ ಕೈಯಲ್ಲಿ ಅಂಗಿಯಷ್ಟೇ ಇತ್ತು.

ಹಾಗಾದರೆ... ಇವನಲ್ಲ!

ಮೊಬೈಲನ್ನು ಅವನ ಮುಂದೆ ಹಿಡಿದಳು. ಅಳುತ್ತಲೇ ಎಲ್ಲ ಹೇಳಿದಳು.  ಅವನು ಆ ಫೋಟೋಗಳನ್ನು ನೋಡಿ ಮುಖ ಸಣ್ಣದು ಮಾಡಿಕೊಂಡ.

“ಇವು ನನ್ನವೇ. ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ದೆ. ಕದ್ದವನು ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ತಿರುಗಿಸಿ ಹಾಕಿದಾನೆ, ಹುಡುಕಿದ್ರೆ ಸುಲಭಕ್ಕೆ ಸಿಗಬಾರದು ಅಂತ. ಅವನು ಯಾವತ್ತಾದ್ರೂ ವಿಡಿಯೋ ಕಾಲ್‌ಗೆ ಬಂದಿದ್ನಾ?”

“ಸಮುದ್ರದಲ್ಲಿ ನೆಟ್‌ವರ್ಕ್ ಇಲ್ಲ ಅಂತಿದ್ದ.”

“ಚಾಟ್ ಮಾಡೋಕೆ ಇತ್ತು?”

ಅವಳಿಗೆ ನಾಚಿಕೆಯಾಯಿತು. ಅವನು ನಗಲಿಲ್ಲ.

“ಕೋಡ್ ಮಾತ್ರ ಯಾರು ಕೇಳಿದ್ರೂ ಕೊಡಬೇಡಿ. ನಂಬರ್ ಇನ್ನೂ ನಿಮ್ಮದೇ ಅಲ್ವಾ? ಪಾಸ್‌ವರ್ಡ್ ಬದಲಿಸಿ. ಎಲ್ಲ ಫೋನ್‌ಗಳಿಂದ ಲಾಗೌಟ್ ಅಂತ ಇರುತ್ತೆ, ಒತ್ತಿ. ಎರಡು ಹಂತದ ಪರಿಶೀಲನೆ ಹಾಕಿ. ಅವನ ಬೆದರಿಕೆ ಅಳಿಸಬೇಡಿ, ಫೋಟೋ ತೆಗೆದಿಟ್ಕೊಳ್ಳಿ, ದೂರಿಗೆ ಬೇಕಾಗುತ್ತೆ. ಆ ನಕಲಿ ಪ್ರೊಫೈಲನ್ನ ನಾವಿಬ್ಬರೂ ರಿಪೋರ್ಟ್ ಮಾಡೋಣ.”

ಒಂದೊಂದಾಗಿ ಮಾಡಿದಳು. ಕಳ್ಳ ಖಾತೆಯಿಂದ ಹೊರಗೆ ಬಿದ್ದ. ಆದರೂ ಎದೆ ಹಗುರಾಗಲಿಲ್ಲ.

“ನಾನು ಬರೆದದ್ದು ಅವನ ಹತ್ರ ಇದೆಯಲ್ಲ...”

“ಇದೆ. ಅದಕ್ಕೆ ನನಗೂ ಒಂದೇ ದಾರಿ ಗೊತ್ತು. ಅವನಿಗಿಂತ ಮೊದಲು ನೀವೇ ಹೇಳಿಬಿಡಿ.”

“ಅಣ್ಣ ಅಂಗಡಿ ಮುಚ್ಚಿಸ್ತಾರೆ.”

“ಮುಚ್ಚಿಸಬಹುದು,” ಅಂದ ಅವನು. ಸುಳ್ಳು ಸಮಾಧಾನ ಹೇಳಲಿಲ್ಲ.

ಅವಳು ಅತ್ತಿಗೆಗೆ ಫೋನ್ ಮಾಡಿ ಹೇಳಿದಳು. ಆಮೇಲೆ ಅಂಗಡಿಯ ಖಾತೆಯಲ್ಲಿ ಬರೆದಳು. ‘ಒಂದು ನಕಲಿ ಪ್ರೊಫೈಲ್ ನಂಬಿ ಮೋಸ ಹೋದೆ. ಪ್ರೀತಿಸಿದ್ದೆ ಕೂಡ. ನನ್ನ ಹೆಸರಲ್ಲಿ ಯಾರು ಏನು ಕಳಿಸಿದರೂ, ಏನು ಕೇಳಿದರೂ ನಂಬಬೇಡಿ.’ ‘ಪೋಸ್ಟ್’ ಗುಂಡಿ ನೋಡಿದಳು. ಒತ್ತಿದಳು.

ಅಣ್ಣ ದುಸುಮುಸು ಮುಖದಲ್ಲಿ ಬೀಗ ಹಿಡಿದೇ ಬಂದ. ಹಿಂದೆಯೇ ಬಂದ ಅತ್ತಿಗೆ ಬೀಗ ಕಸಿದುಕೊಂಡು ಕುರ್ಚಿ ಎಳೆದು ಬಾಗಿಲಲ್ಲಿ ಕೂತರು. “ಮೋಸ ಮಾಡಿದೋನು ಎಲ್ಲೋ ಹಾಯಾಗಿದಾನೆ, ನೀವು ಇವಳ ಬಾಗಿಲು ಹಾಕ್ತೀರಾ? ಮೊದಲು ನನ್ನ ಎಬ್ಬಿಸಿ.” ಅತ್ತಿಗೆಯನ್ನು ಎಬ್ಬಿಸುವ ಧೈರ್ಯ ಅಣ್ಣನಿಗೆ ಯಾವತ್ತೂ ಇರಲಿಲ್ಲ. ಗಿರಾಕಿಗಳಲ್ಲಿ ಕೆಲವರು ಆಡಿಕೊಂಡರು. ಒಬ್ಬಾಕೆ ಬಟ್ಟೆ ಕೊಡುವ ನೆಪದಲ್ಲಿ ಬಂದು, ತನಗೂ ಹೀಗೇ ಆಗಿತ್ತೆಂದು ಪಿಸುಗುಟ್ಟಿ ಹೋದಳು.

ಲಿಫ್ಟ್ ಸರಿಹೋಯಿತು. ಮೆಕ್ಯಾನಿಕ್ ಮಾತ್ರ ಏನೋ ನೆಪ ಹೂಡಿ ಬರುತ್ತಲೇ ಇದ್ದ. ಅವನು ಬಾರದ ದಿನ ಹೊಲಿಗೆ ಸೊಟ್ಟಗಾಗುತ್ತಿತ್ತು. ಅದಕ್ಕೇ ಅವಳಿಗೆ ಭಯ.

“ನೀವು ಬರಬೇಡಿ,” ಅಂದಳು ಒಂದು ದಿನ. “ನಾನು ಪ್ರೀತಿಸಿದ್ದು ನಿಮ್ಮ ಮುಖಾನ, ಬೇರೆ ಯಾರದೋ ಮಾತನ್ನ. ಈಗ ನಿಮ್ಮನ್ನ ನೋಡಿದ್ರೆ ಯಾವುದು ನಿಜ ಅಂತಾನೇ ತಿಳಿಯಲ್ಲ. ಇನ್ನೊಂದ್ಸಲ ಮೋಸ ಹೋದ್ರೆ ನಾನು ತಡ್ಕೊಳ್ಳಲ್ಲ...”

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

“ನೀವಂದ್ರೆ ನಂಗೆ ಪ್ರಾಣ. ಆದ್ರೆ ನನ್ನ ಮಾತು ಕೇಳಿ ನಂಬಬೇಡಿ. ವಿಚಾರಿಸಿ. ನಮ್ಮ ಬೀದಿಯವರನ್ನ ಕೇಳಿ, ಜೊತೆ ಕೆಲಸ ಮಾಡೋರನ್ನ ಕೇಳಿ, ನಮ್ಮಮ್ಮನ್ನ ಕೇಳಿ.”

“ಏನಂತ ಕೇಳ್ಲಿ?”

“ಇಂಥವನೊಬ್ಬ ನಿಜವಾಗ್ಲೂ ಇದಾನಾ ಅಂತ.”

ಎಷ್ಟೋ ದಿನದ ಮೇಲೆ ಅವಳು ಮನಸಾರೆ ನಕ್ಕಳು. ನಗುತ್ತಲೇ ಕಣ್ಣು ತುಂಬಿತು.

“ಅಮ್ಮನ್ನ ನೋಡೋಕೆ ಯಾವಾಗ ಬರ್ಲಿ?”

“ನಾಳೆ ಬನ್ನಿ. ಮನೆಯೆಲ್ಲ ಒಪ್ಪ ಮಾಡಿಸಿರ್ತೀನಿ.”

“ಬೇಡ,” ಅವಳು ಎದ್ದು ಅವನ ಕೈ ಹಿಡಿದಳು. “ಈಗಲೇ ಬರ್ತೀನಿ. ಹೇಳದೆ ಬಂದ್ರೇನೇ ನಿಜ ಗೊತ್ತಾಗೋದು.”